ತೆಕ್ಲಮ್ಮನವರು ಹುಳುಮನೆಗೆ ಹೋದ ಭಾನುವಾರ

ಸಿಂಗ್ರಿಪಾಳ್ಯದ ಚರ್ಚಿನ ಹಿಂಗೋಡೆಗೆ ಆತುಕೊಂಡಂತೆ ನಾಡಹೆಂಚಿನ ಒಂದು ಕೋಣೆ ಇತ್ತು. ಒಬ್ಬರು ಕಾಲು ಚಾಚಿ ಮಲಗಿದರೆ ಇನ್ನೊಬ್ಬರಿಗೆ ಕೂರಲಷ್ಟೇ ಜಾಗ. ಒಳಗೆ ಒಂದು ಚಾಪೆ, ಒಂದು ಮಣ್ಣಿನ ಗಡಿಗೆ, ಗೋಡೆಯ ಮೇಲೆ ಮರದ ಶಿಲುಬೆ, ಮೂಲೆಯಲ್ಲಿ ಚರ್ಚು ಗುಡಿಸುವ ಪೊರಕೆ. ಪೂಜ್ಯ ತೆಕ್ಲಮ್ಮನವರು ನಲವತ್ತೆರಡು ವರ್ಷ ಬಾಳಿದ್ದು ಈ ಕೋಣೆಯಲ್ಲೇ. ಅವರು ಮದುವೆಯಾಗಲಿಲ್ಲ, ಕನ್ಯಾಮಠವನ್ನೂ ಸೇರಲಿಲ್ಲ. ಮುಂಜಾನೆ ಗಂಟೆ ಬಾರಿಸಿ ಚರ್ಚು ಗುಡಿಸುತ್ತಿದ್ದರು. ಹಗಲೆಲ್ಲ ಯಾರದಾದರೂ ಹಿಪ್ಪುನೇರಳೆ ತೋಟದಲ್ಲಿ ಕೂಲಿಗೆ ಸೊಪ್ಪು ಬಿಡಿಸುತ್ತಿದ್ದರು. ಸಂಜೆ ಬೀದಿಯ ಮಕ್ಕಳನ್ನು ಕೂರಿಸಿಕೊಂಡು ಜಪ ಕಲಿಸುತ್ತಿದ್ದರು. ಚರ್ಚಿನ ಬೀದಿಯವರು, ಗೌಡರ ಬೀದಿಯವರು, ಎಲ್ಲರಿಗೂ ಅವರು ‘ಅಮ್ಮಯ್ಯ’. ಅವರು ಮಾತಾಡುತ್ತಿದ್ದುದು ಬಹಳ ಕಡಿಮೆ. ಆದರೆ ಅವರು ಆಡಿದ ನಾಲ್ಕು ಮಾತು ಕೇಳಿದವರ ಜೊತೆ ಮನೆಗೆ ಹೋಗಿ ವರ್ಷಗಟ್ಟಲೆ ಅಲ್ಲೇ ಇರುತ್ತಿತ್ತು.

ಈ ಪ್ರಸಂಗ ನಡೆದಾಗ ಅಮ್ಮಯ್ಯನವರಿಗೆ ಅರವತ್ತೆಂಟು ವರ್ಷ. ಆ ಊರಿಗೆ ಧರ್ಮ ಬೋಧಿಸುವ ಉಪದೇಶಿಯಾಗಿ ಇನ್ನಾಸಪ್ಪ ಬಂದು ಮೂರು ವರ್ಷವಾಗಿತ್ತು. ಅಂದಿನ ಇನ್ನಾಸಪ್ಪನನ್ನು ಏಕವಚನದಲ್ಲೇ ಕರೆಯೋಣ. ಮುಂದೆ ದೊಡ್ಡವರಾಗಿ ಹೆಸರು ಮಾಡಿದ ಮೇಲೂ ಅವರು ತಮ್ಮ ಆ ದಿನಗಳ ಬಗ್ಗೆ ‘ಆ ಇನ್ನಾಸಪ್ಪ ಇದ್ದನಲ್ಲ’ ಎಂದೇ ನಗುತ್ತ ಹೇಳಿಕೊಳ್ಳುತ್ತಿದ್ದರು.

ಆ ಇನ್ನಾಸಪ್ಪ ಬೆಂಗಳೂರಿನ ದಂಡು ಪ್ರದೇಶದಲ್ಲಿ ಹುಟ್ಟಿ ಬೆಳೆದವನು. ಇಪ್ಪತ್ತೇಳು ವರ್ಷ, ಕಟ್ಟುಮಸ್ತಾದ ಆಳು, ಕಂಚಿನ ಕಂಠ. ಉಪದೇಶಿ ಶಾಲೆಯಲ್ಲಿ ಮೊದಲನೆಯವನಾಗಿ ತೇರ್ಗಡೆಯಾಗಿದ್ದ. ಯೇಸುಸ್ವಾಮಿಯ ಮೇಲೆ ಅವನಿಗಿದ್ದ ಪ್ರೀತಿ ಸುಳ್ಳಲ್ಲ. ಸಿಕ್ಕಸಿಕ್ಕವರಿಗೆಲ್ಲ ಆ ಹೆಸರನ್ನು ಹೇಳದಿದ್ದರೆ ಅವನಿಗೆ ತಿಂದ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಪಕ್ಕದವರಿಗೆ ಕರಪತ್ರ, ಸಂತೆಗೆ ಹೋದರೆ ಕಟ್ಟೆ ಹತ್ತಿ ಉಪದೇಶ. ಹುಣಿಸೆಮರಕ್ಕೆ ಕಟ್ಟಿಸಿದ್ದ ಧ್ವನಿವರ್ಧಕದ ಬಾಯನ್ನು ನೇರ ಗೌಡರ ಬೀದಿಗೇ ತಿರುಗಿಸಿದ್ದ. ಇಷ್ಟೆಲ್ಲ ಮಾಡಿದರೂ ಮೂರು ವರ್ಷದಲ್ಲಿ ಆಚೆ ಬೀದಿಯ ಒಬ್ಬನೇ ಒಬ್ಬ ಮನುಷ್ಯ ಬಂದು ಕೂತು ಅವನ ಮಾತು ಕೇಳಿರಲಿಲ್ಲ. ಈ ಕೊರಗು ಅವನನ್ನು ಒಳಗೊಳಗೇ ತಿನ್ನುತ್ತಿತ್ತು.

ಅದರ ಮೇಲೆ ಉಪ್ಪು ಸುರಿದವರು ಮರಿಗೌಡರು. ಊರಿನ ದೊಡ್ಡ ರೇಷ್ಮೆ ಬೆಳೆಗಾರರು, ಮಾತು ಬಲು ಚೂಪು. ಒಂದು ದಿನ ಹುಣಿಸೆಮರದ ಕಟ್ಟೆಯ ಮೇಲೆ ಹತ್ತು ಜನ ಸೇರಿದ್ದಾಗ ಇನ್ನಾಸಪ್ಪನನ್ನು ತಡೆದು ನಿಲ್ಲಿಸಿದರು.

“ಏನಪ್ಪಾ ಉಪದೇಶಿ, ನಿಮ್ ಸ್ವಾಮಿ ಎಲ್ಲಾರ್ಗೂ ಬಂದೋನು ಅಂತ ದಿನಾ ಕೂಗ್ತೀಯಲ್ಲ. ನಮ್ಮನೆಗೆ ಯಾವತ್ತಪ್ಪ ಬಂದಿದ್ದ?”

ಕಟ್ಟೆಯೆಲ್ಲ ಗೊಳ್ಳೆಂದಿತು. ಇನ್ನಾಸಪ್ಪ ಓದಿದ್ದ ದಪ್ಪ ಪುಸ್ತಕಗಳಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

“ಈಗ್ಲೇ ಬೇಡ ಬಿಡು,” ಎಂದರು ಮರಿಗೌಡರು. “ಈಸ್ಟರ್ ಆದ್ಮೇಲೆ ಅದೇನೋ ದೊಡ್ ಸಭೆ ಇಟ್ಕೊಂಡಿದ್ದೀಯಂತಲ್ಲ. ಅಮ್ಮಯ್ಯ ಎರಡು ಮಾತಾಡೋದಾದ್ರೆ ನಾನೂ ಬತ್ತೀನಿ. ಎಲ್ಲಾರ್ ಮುಂದೆ ಇದ್ನೇ ಕೇಳ್ತೀನಿ. ಉತ್ತರ ರೆಡಿ ಮಾಡ್ಕೊಂಡಿರು.”

ಅವರು ಹೇಳಿದ್ದು ಕುಚೋದ್ಯಕ್ಕೆ. ಇನ್ನಾಸಪ್ಪನಿಗೆ ಮಾತ್ರ ಕೈಗೆ ರಾಜ್ಯ ಬಂದಂತಾಯಿತು. ಒಬ್ಬರು ಬರುತ್ತಾರೆ! ಕೇಳುತ್ತೇನೆ ಎನ್ನುತ್ತಾರೆ! ಓಡಿಹೋಗಿ ಅಮ್ಮಯ್ಯನವರ ಬಾಗಿಲಲ್ಲಿ ನಿಂತು ಎಲ್ಲವನ್ನೂ ಒಪ್ಪಿಸಿದ. ಸಭೆಯಲ್ಲಿ ಎರಡು ಮಾತಾಡಲೇಬೇಕು ಎಂದು ಗೋಗರೆದ. ತೆಕ್ಲಮ್ಮನವರು ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಿ, “ಕೇಳಿದ್ದು ಒಳ್ಳೇ ಪ್ರಶ್ನೇನೇ ಕಣಪ್ಪ,” ಎಂದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ. ಇನ್ನಾಸಪ್ಪ ಅದನ್ನು ಒಪ್ಪಿಗೆ ಎಂದೇ ತಿಳಿದ.

ಇಪ್ಪತ್ತು ದಿನ ಕೂತು ಅವನು ಒಂಬತ್ತು ಪುಟದ ಉತ್ತರ ಬರೆದ.

ಕೊನೆಗೂ ಆ ಭಾನುವಾರ ಬಂತು. ಬೆಳಗಿನ ಪೂಜೆ ಮುಗಿಸಿಕೊಂಡು ಚರ್ಚಿನ ಗುರುಗಳು ಮುಂದಿನ ಊರಿಗೆ ಹೋದರು. ಚರ್ಚಿನ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಇನ್ನಾಸಪ್ಪ ಮಿಂದು ಗರಿಗರಿ ಬಿಳಿ ಜುಬ್ಬ ತೊಟ್ಟಿದ್ದ. ತಲೆಗೆ ಮಲ್ಲಿಗೆ ಎಣ್ಣೆ, ಮುಖಕ್ಕೆ ಕತ್ತಿಗೆಲ್ಲ ಗಂಧದ ಪೌಡರ್, ಇವು ಸಾಲದೆಂದು ಕರವಸ್ತ್ರಕ್ಕೆ ನಾಲ್ಕು ಹನಿ ಅತ್ತರು. ದೊಡ್ಡವರು ಬರುವ ಸಭೆಯಲ್ಲವೇ! ಮುಂದಿನ ಸಾಲಿನ ನಡುವಿನ ಕುರ್ಚಿಗೆ ಹೊಸ ಟವೆಲು ಹಾಸಿ ಮರಿಗೌಡರಿಗೆಂದು ಕಾದಿರಿಸಿದ್ದ. ಒಂಬತ್ತು ಪುಟವೂ ಜುಬ್ಬದ ಜೇಬಿನಲ್ಲಿ ಭದ್ರವಾಗಿತ್ತು.

ಹತ್ತು ಗಂಟೆ ಹೊಡೆಯಿತು. ಚರ್ಚಿನ ಬೀದಿಯ ನಲವತ್ತು ಚಿಲ್ಲರೆ ಜನ ಬಂದು ಕೂತರು. ಟವೆಲು ಹಾಸಿದ ಕುರ್ಚಿ ಖಾಲಿ. ಅದರ ಪಕ್ಕದ, ಅಮ್ಮಯ್ಯನವರ ಕುರ್ಚಿಯೂ ಖಾಲಿ! ಇನ್ನಾಸಪ್ಪ ಅವರ ಕೋಣೆಗೆ ಓಡಿದರೆ ಬಾಗಿಲಿಗೆ ಚಿಲಕ ಹಾಕಿತ್ತು.

“ಅಮ್ಮಯ್ಯ ಆಗ್ಲೇ ಮರಿಗೌಡ್ರ ಮನೆ ದಿಕ್ಕಿಗೆ ಹೋದ್ರಲ್ಲ,” ಎಂದ ಮೈಕ್‌ಸೆಟ್ಟಿನವನು.

ಅದನ್ನು ಕೇಳಿ ಇನ್ನಾಸಪ್ಪನಿಗೆ ಹೋದ ಜೀವ ಬಂತು. ಗೌಡರನ್ನು ಕರೆತರಲು ತಾವೇ ಹೋಗಿದ್ದಾರೆ! ಎಂಥ ತಾಯಿ! ತಾನೂ ಹೋಗಿ ಗೌರವದಿಂದ ಎದುರುಗೊಳ್ಳೋಣ ಎಂದು ಜುಬ್ಬ ಸರಿಮಾಡಿಕೊಂಡು ದಾಪುಗಾಲು ಹಾಕಿದ. ಗೌಡರ ಬೀದಿ ಬಿಕೋ ಎನ್ನುತ್ತಿತ್ತು. ಅಲ್ಲಿನವರೆಲ್ಲ ಯಾವುದೋ ಮದುವೆಗೆಂದು ಹಿಂದಿನ ದಿನವೇ ಲಾರಿಯಲ್ಲಿ ಹೋಗಿದ್ದರು. ಒಂದು ಮನೆಯ ಹಿತ್ತಿಲಲ್ಲಿ ಮಾತ್ರ ಗದ್ದಲ ಕೇಳುತ್ತಿತ್ತು. ಅದು ಮರಿಗೌಡರ ರೇಷ್ಮೆಹುಳು ಸಾಕುವ ಮನೆ, ಊರವರ ಮಾತಿನಲ್ಲಿ ಹುಳುಮನೆ. ಇನ್ನಾಸಪ್ಪ ನಗುಮುಖ ಮಾಡಿಕೊಂಡು ಬಾಗಿಲಿಗೆ ಬಂದ.

“ನಿಂತ್ಕೊಳಯ್ಯಾ ಅಲ್ಲೇ!”

ಮರಿಗೌಡರ ಆ ಅಬ್ಬರಕ್ಕೆ ಇನ್ನಾಸಪ್ಪನ ಎತ್ತಿದ ಕಾಲು ಎತ್ತಿದಲ್ಲೇ ನಿಂತಿತು.

“ಅದೇನ್ ಮೆತ್ಕೊಂಡ್ ಬಂದಿದ್ದೀಯ ಮೈಗೆ? ಆ ಘಾಟು ಒಳಕ್ಕೆ ಬಂದ್ರೆ ನನ್ ಹುಳ ಉಳ್ದಾವಾ? ಹಿಂದಕ್ ಹೋಗು! ಇನ್ನೂ ಹಿಂದಕ್ ಹೋಗು!”

ಪಟ್ಟಣದ ಹುಡುಗನಿಗೆ ಇದು ಗೊತ್ತಿರಲಿಲ್ಲ. ರೇಷ್ಮೆಹುಳುವಿನಷ್ಟು ಸೂಕ್ಷ್ಮದ ಜೀವ ಇನ್ನೊಂದಿಲ್ಲ. ಬೀಡಿ, ಸೆಂಟು, ಪೌಡರ್, ಮುಡಿದ ಹೂವು, ಯಾವುದನ್ನೂ ಹುಳುಮನೆಯವರು ಹತ್ತಿರ ಬಿಡುವುದಿಲ್ಲ. ಮೂರು ವರ್ಷ ಆ ಊರಿನಲ್ಲಿದ್ದು, ಆ ಊರು ಅನ್ನ ತಿನ್ನುವುದು ಯಾವುದರಿಂದ ಎಂದು ಇನ್ನಾಸಪ್ಪ ಒಮ್ಮೆಯೂ ಬಗ್ಗಿ ನೋಡಿರಲಿಲ್ಲ. ಅವನು ಹತ್ತು ಹೆಜ್ಜೆ ಹಿಂದೆ ಸರಿದು, ಕೊರಳುದ್ದ ಮಾಡಿ ಒಳಗೆ ಇಣುಕಿದ.

ಒಳಗೆ ತೆಕ್ಲಮ್ಮನವರಿದ್ದರು! ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿ ಬಿದಿರು ತಟ್ಟೆಯ ಮುಂದೆ ಬಾಗಿದ್ದರು. ಎರಡೂ ಕೈಗಳು ಮಿಂಚಿನಂತೆ ಓಡುತ್ತಿದ್ದವು. ತಟ್ಟೆಯಿಂದ ಹುಳು ಆರಿಸುವುದು, ಪಕ್ಕದಲ್ಲಿ, ಹುಳು ಗೂಡು ಕಟ್ಟಲೆಂದು ಹೆಣೆದ ಬಿದಿರು ಚಂದ್ರಿಕೆಗೆ ಬಿಡುವುದು, ಮತ್ತೆ ಆರಿಸುವುದು. ಗೌಡರು ಒಂದು ಕಡೆ, ಅವರ ಮಡದಿ ಸಾಕಮ್ಮ ಇನ್ನೊಂದು ಕಡೆ. ಇಬ್ಬರ ಮುಖದಲ್ಲೂ ರಕ್ತವಿಲ್ಲ.

“ಅಮ್ಮಯ್ಯಾ!” ಎಂದು ಇನ್ನಾಸಪ್ಪ ಅಂಗಳದಿಂದಲೇ ಕೂಗಿದ. “ಸಭೆ! ಜನ ಬಂದು ಕೂತವ್ರೆ! ಇದೇನ್ ಮಾಡ್ತಿದ್ದೀರಿ?”

ಉತ್ತರ ಸಾಕಮ್ಮನಿಂದ ಬಂತು, ಒಂದೇ ಉಸುರಿನಲ್ಲಿ. “ಹುಳ ಹಣ್ಣಾಗ್ಬುಟ್ಟವೆ ಕಣಪ್ಪಾ! ನಾಳೆ ಆಗ್ಬೇಕಿತ್ತು, ಈ ಹಾಳು ಸೆಕೆಗೆ ಇವತ್ತೇ ಆಗವೆ. ಆಳೆಲ್ಲ ಮದ್ವೆಗೆ ಹೋಗವ್ರೆ. ನಲವತ್ ಸಾವಿರ ಹುಳ, ಇಬ್ರು ಏನ್ ಮಾಡಾಣ? ಚಂದ್ರಿಕೆ ತಲೆಮೇಲಿಟ್ಕೊಂಡು ನಾನೊಬ್ಳೇ ಓಡ್ತಿದ್ದೆ. ಅಮ್ಮಯ್ಯ ದಾರೀಲಿ ಕಂಡ್ರು. ಒಂದ್ ಮಾತೂ ಕೇಳ್ಲಿಲ್ಲ, ಹಿಂದೇನೇ ಬಂದ್ರು. ಇಲ್ಲಿ ಬಂದು ಕೈ ತೊಳ್ಕೊಂಡು, ‘ಒಳಕ್ಕೆ ಬರ್ಲಾ ಗೌಡ್ರೇ’ ಅಂದ್ರು.”

ಹುಳು ಹಣ್ಣಾಗುವುದೆಂದರೆ ಇಷ್ಟು. ಇಪ್ಪತ್ತಾರು ದಿನ ಸೊಪ್ಪು ಮೇದ ಹುಳು ಒಂದು ಹೊತ್ತಿಗೆ ಮೇವು ಬಿಟ್ಟು ತಲೆ ಎತ್ತುತ್ತದೆ, ಇನ್ನು ನೂಲು ಬಿಡುವ ಕಾಲ ಬಂತು ಎಂದು. ಆಗ ಒಂದೊಂದನ್ನೂ ಕೈಯಿಂದ ಆರಿಸಿ ಚಂದ್ರಿಕೆಗೆ ಬಿಡಬೇಕು. ಹೊತ್ತು ಮೀರಿದರೆ ಅದು ಕಾಯುವುದಿಲ್ಲ, ಕಸಕಡ್ಡಿಯ ಮೇಲೇ ನೂಲು ಚೆಲ್ಲಿ ಹಾಳಾಗುತ್ತದೆ. ಮರಿಗೌಡರಿಗೆ ಹಿಂದಿನ ಎರಡು ಬೆಳೆ ರೋಗ ಬಂದು ಮಣ್ಣುಪಾಲಾಗಿದ್ದವು. ಇದೂ ಕೈಬಿಟ್ಟರೆ ತೋಟ ಕಿತ್ತು ಹುಳುಮನೆಗೆ ಬೀಗ ಹಾಕುತ್ತೇನೆ ಎಂದು ಹೆಂಡತಿಗೆ ಹೇಳಿದ್ದರು. ಬಿಸಿಲು ಏರುತ್ತಿತ್ತು. ನಡುಹಗಲಿನೊಳಗೆ ಮುಗಿಯದಿದ್ದರೆ ಮುಗಿಯಿತು ಕಥೆ.

ಇನ್ನೊಂದು ಮಾತನ್ನೂ ಹೇಳಬೇಕು. ಚರ್ಚಿನ ಬೀದಿಯವರು ತಲೆಮಾರುಗಳಿಂದ ಆ ಮನೆಗೆ ಸೊಪ್ಪು ಹೊತ್ತವರು. ಆದರೆ ಹೊರೆಯನ್ನು ಹುಳುಮನೆಯ ಹೊಸ್ತಿಲಲ್ಲೇ ಇಳಿಸಬೇಕು. ಒಳಗೆ ಅವರು ಕಾಲಿಟ್ಟರೆ ಮೈಲಿಗೆ, ಬೆಳೆ ಕೆಡುತ್ತದೆ ಎಂದು ಗೌಡರ ತಂದೆಯ ಕಾಲದಿಂದ ಕಟ್ಟಳೆ. ಆ ಹೊಸ್ತಿಲನ್ನು ಮೊಟ್ಟಮೊದಲು ದಾಟಿದವರು ತೆಕ್ಲಮ್ಮನವರು, ಅದೂ ಆ ಬೆಳಿಗ್ಗೆ. ‘ಒಳಕ್ಕೆ ಬರ್ಲಾ’ ಎಂದಾಗ ಮರಿಗೌಡರು ತೊಳೆದ ಆ ಕೈಗಳನ್ನು ನೋಡಿದರಂತೆ, ತಟ್ಟೆಯಲ್ಲಿ ತಲೆ ಎತ್ತಿದ ಹುಳುಗಳನ್ನು ನೋಡಿದರಂತೆ, ಪಕ್ಕಕ್ಕೆ ಸರಿದರಂತೆ.

ಇನ್ನಾಸಪ್ಪನಿಗೆ ಇದ್ಯಾವುದೂ ತಲೆಗೆ ಇಳಿಯಲಿಲ್ಲ. ಅವನ ಕಣ್ಣ ಮುಂದಿದ್ದುದು ಎರಡು ಖಾಲಿ ಕುರ್ಚಿ. ಮೂರು ವರ್ಷ ಕಾದು ಕಾದು ಒಬ್ಬರು ಬರುವ ಹೊತ್ತಿಗೆ ಈ ಹಾಳು ಹುಳು! ಅಳು ಬಂದಂತಾಯಿತು, ಸಿಟ್ಟೂ ಬಂತು.

“ಅಮ್ಮಯ್ಯಾ, ಇವತ್ತು ಸುವಾರ್ತೆ ಸಾರೋ ದಿನ!”

ತೆಕ್ಲಮ್ಮನವರು ಕೈ ನಿಲ್ಲಿಸಲಿಲ್ಲ. ತಲೆಯನ್ನಷ್ಟೇ ತಿರುಗಿಸಿದರು. ಆ ಮುಖದಲ್ಲಿ ಗದರಿಕೆಯಿರಲಿಲ್ಲ, ಸಣ್ಣ ನಗುವಿತ್ತು.

“ಸಾರು ಮಗಾ. ಬೇಡ ಅಂದೋರ್ಯಾರು? ಆದ್ರೆ ಕೇಳ್ಬೇಕಾದೋರು ಇಲ್ಲಿ ಅವ್ರೆ.”

ಅಷ್ಟು ಹೇಳಿ ಅವರು ಗೌಡರ ಕಡೆ ತಿರುಗಿ, ಉಪ್ಪು ಕೇಳುವಷ್ಟು ಸಲೀಸಾಗಿ ಕೇಳಿದರು. “ಗೌಡ್ರೇ, ಅಲ್ಲಿ ನಲವತ್ತು ಜನ ಕೈ ಕಟ್ಕೊಂಡ್ ಕೂತವ್ರಂತೆ. ಕರೀಲಾ?”

ಮರಿಗೌಡರ ಕೈ ತಟ್ಟೆಯ ಮೇಲೇ ನಿಂತಿತು. ಒಬ್ಬ ಮುದುಕಿಯನ್ನು ಒಳಗೆ ಬಿಟ್ಟುಕೊಳ್ಳುವುದು ಬೇರೆ, ಆ ಬೀದಿಯನ್ನೇ ಬಿಟ್ಟುಕೊಳ್ಳುವುದು ಬೇರೆ. ಮದುವೆಯಿಂದ ವಾಪಸು ಬಂದವರು ಏನೆಂದಾರು? ಸತ್ತ ತಂದೆ ಏನೆಂದಾರು? ಸಾಕಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು. ತಟ್ಟೆಯ ಅಂಚಿನಲ್ಲಿ ಒಂದು ಹುಳು ಒಣಗಿದ ಸೊಪ್ಪಿನ ಕಡ್ಡಿಗೆ ಮೊದಲ ಎಳೆ ಅಂಟಿಸಿತು. ಅದನ್ನು ಗೌಡರೂ ಕಂಡರು.

“ಕರೀರಮ್ಮ,” ಎಂದರು.

“ಓಡು ಇನ್ನಾಸಪ್ಪ,” ಎಂದರು ತೆಕ್ಲಮ್ಮನವರು. “ಎಲ್ಲಾರ್ನೂ ಕರ್ಕೊಂಡ್ ಬಾ. ನೀನೂ ಆ ಪೌಡರ್ ತೊಳ್ಕೊಂಡ್ ಬಾ.”

ಇನ್ನಾಸಪ್ಪ ಓಡಿದ! ಏಕೆ ಓಡುತ್ತಿದ್ದೇನೆ ಎಂದು ಅವನಿಗೇ ಪೂರ್ತಿ ಗೊತ್ತಿರಲಿಲ್ಲ. ಸಿಟ್ಟು ಇನ್ನೂ ಇತ್ತು, ಆದರೆ ಕಾಲು ಅದನ್ನು ಕೇಳಲಿಲ್ಲ. ‘ಕೇಳ್ಬೇಕಾದೋರು ಇಲ್ಲಿ ಅವ್ರೆ’ ಎಂಬ ಮಾತು ಬೆನ್ನಿಗೆ ಕೈಯಿಟ್ಟು ನೂಕುತ್ತಿತ್ತು. ಶಾಮಿಯಾನದೊಳಗೆ ನುಗ್ಗಿ ಮೈಕನ್ನು ಎರಡೂ ಕೈಯಲ್ಲಿ ಹಿಡಿದ. ಅವನ ಜೀವಮಾನದಲ್ಲೇ ಅತಿ ಚಿಕ್ಕ ಉಪದೇಶ ಅದು.

“ಮರಿಗೌಡ್ರ ಹುಳ ಹಣ್ಣಾಗವೆ! ಆಳಿಲ್ಲ! ಅಮ್ಮಯ್ಯ ಕರೀತವ್ರೆ! ಎಲ್ರೂ ಬನ್ನಿ!”

ಅವನಿಗೆ ಅರ್ಥವಾಗದ್ದು ಆ ಜನಕ್ಕೆ ಅರೆಕ್ಷಣದಲ್ಲಿ ಅರ್ಥವಾಯಿತು. ಕುರ್ಚಿಗಳು ಧಡಧಡ ಉರುಳಿದವು. ಹೆಂಗಸರು ತಲೆಗೆ ಕೈ ಹಾಕಿ ಮುಡಿದಿದ್ದ ಮಲ್ಲಿಗೆ ಕಿತ್ತು ಅಂಗಳದಲ್ಲಿದ್ದ ಮಾತೆ ಮರಿಯಮ್ಮನವರ ಗವಿಯ ಮುಂದೆ ಇಟ್ಟರು. ನೋಡುನೋಡುತ್ತ ಅಲ್ಲಿ ಹೂವಿನ ರಾಶಿ! ಗಂಡಸರು ಜೇಬಿನ ಬೀಡಿಕಟ್ಟನ್ನು ಕುರ್ಚಿಗಳ ಮೇಲೆ ಎಸೆದರು. ಸ್ವಂತಕ್ಕೆ ನಾಲ್ಕು ತಟ್ಟೆ ಹುಳು ಸಾಕುತ್ತಿದ್ದವರು ಮನೆಗೋಡಿ ತಮ್ಮ ಚಂದ್ರಿಕೆಗಳನ್ನು ಹೊತ್ತು ತಂದರು. ಮೈಕ್‌ಸೆಟ್ಟಿನವನು ಒಂದು ಕ್ಷಣ ತನ್ನ ಸಾಮಾನು ಕಾಯಬೇಕೋ ಬೇಡವೋ ಎಂದು ನಿಂತು, ಹಾಳಾಗಿ ಹೋಗಲಿ ಎಂದು ತಾನೂ ಓಡಿದ.

ಗೌಡರ ತೊಟ್ಟಿಯ ಬಳಿ ಎಲ್ಲರೂ ಬೂದಿ ಹಾಕಿ ಕೈ ಕಾಲು ಉಜ್ಜಿ ತೊಳೆದರು. ಇನ್ನಾಸಪ್ಪನಿಗೆ ಅದು ಸಾಲುತ್ತಿರಲಿಲ್ಲ. ಎಣ್ಣೆ, ಅತ್ತರು, ಪೌಡರ್, ಮೂರನ್ನೂ ಬಿಡಿಸಬೇಕು! ಜುಬ್ಬ ಕಳಚಿ ಬೇಲಿಗೆ ನೇತುಹಾಕಿ, ಕೊಡಗಟ್ಟಲೆ ನೀರು ಸುರಿದುಕೊಂಡು, ಸಾಕಮ್ಮ ಕೊಟ್ಟ ಸೀಗೆಪುಡಿಯಲ್ಲಿ ತಲೆ ತಿಕ್ಕಿಕೊಂಡ. ಉಡಲು ಸಿಕ್ಕಿದ್ದು ಮರಿಗೌಡರ ಒಂದು ಹಳೆಯ ಪಂಚೆ. ಒಂಬತ್ತು ಪುಟದ ಉತ್ತರ ಜುಬ್ಬದ ಜೊತೆ ಬೇಲಿಯ ಮೇಲೇ ಉಳಿಯಿತು.

ಅವನು ಬಾಗಿಲಿಗೆ ಬಂದಾಗ ಒಂದು ವಿಚಿತ್ರ ಕಂಡ. ಅಷ್ಟು ಅವಸರದಲ್ಲಿ ಬಂದ ನಲವತ್ತು ಜನವೂ ಹೊಸ್ತಿಲಿನ ಈಚೆ ನಿಂತುಬಿಟ್ಟಿದ್ದರು. ಯಾರೂ ತಡೆದಿರಲಿಲ್ಲ. ಸೊಪ್ಪಿನ ಹೊರೆ ಇಳಿಸುವ ಜಾಗಕ್ಕೆ ಬರುತ್ತಲೇ ಕಾಲುಗಳು ತಾವೇ ನಿಂತಿದ್ದವು. ಎಲ್ಲರಿಗಿಂತ ಮುಂದಿದ್ದ ಮುದುಕ ಚಿನ್ನಪ್ಪ ತಲೆ ತಗ್ಗಿಸಿ ಆ ಹೊಸ್ತಿಲನ್ನೇ ನೋಡುತ್ತಿದ್ದ. ಆ ಮನೆಗೆ ಅತಿ ಹೆಚ್ಚು ಸೊಪ್ಪು ಹೊತ್ತವನು ಅವನೇ.

ತೆಕ್ಲಮ್ಮನವರು ಒಳಗಿನಿಂದ ಅದನ್ನು ನೋಡಿದರು. ಆದರೆ ಕರೆಯಲಿಲ್ಲ. ಕರೆಯಬೇಕಾದವರು ತಾವಲ್ಲ ಎಂದು ಅವರಿಗೆ ಗೊತ್ತಿತ್ತು. ತಟ್ಟೆ ಬಿಟ್ಟು ಎದ್ದವರು ಮರಿಗೌಡರು. ಬಾಗಿಲಿಗೆ ಬಂದರು. ಆ ಜನರ ಒದ್ದೆ ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು.

“ಬಾ ಚಿನ್ನಪ್ಪ,” ಎಂದು ಆ ಮುದುಕನ ಮೊಣಕೈ ಹಿಡಿದರು. “ನಲವತ್ ವರ್ಷದಿಂದ ನನ್ ಹುಳ ನೀನ್ ಹೊತ್ತಿದ್ ಸೊಪ್ಪು ತಿಂದವೆ. ಒಳಕ್ಕೆ ಬಾ. ಬನ್ರವ್ವ, ಬನ್ರಪ್ಪ, ಎಲ್ರೂ ಬನ್ನಿ!”

ಚಿನ್ನಪ್ಪನ ಕಾಲು ಹೊಸ್ತಿಲು ದಾಟಿತು. ಹಿಂದೆಯೇ ಆ ಬೀದಿಯೆಲ್ಲ ದಾಟಿತು! ಕಟ್ಟೆ ಒಡೆದ ಕೆರೆಯಂತೆ ಜನ ಒಳನುಗ್ಗಿ ಸಾಲುಸಾಲಾಗಿ ತಟ್ಟೆಗಳ ಮುಂದೆ ನಿಂತರು. ಹಿಂದೆ ಉಳಿದ ಇನ್ನಾಸಪ್ಪ ಆ ಬಾಗಿಲನ್ನೇ ನೋಡಿದ. ಮೂರು ವರ್ಷ ತನ್ನ ಧ್ವನಿವರ್ಧಕಕ್ಕೆ ತೆರೆಯದ ಬಾಗಿಲು ಇದು. ಅಮ್ಮಯ್ಯನವರ ತೊಳೆದ ಎರಡು ಕೈಗೆ ತೆರೆದಿತ್ತು.

ಆಮೇಲಿನ ಎರಡು ಗಂಟೆ ಹೇಗೆ ಕಳೆಯಿತೋ ಯಾರಿಗೂ ತಿಳಿಯದು. ಇನ್ನಾಸಪ್ಪನಿಗೆ ಪಾಠ ಹೇಳಿದವರು ಸಾಕಮ್ಮ. “ಹಿಂಗೆ ಬೆಳಕಿಗೆ ಹಿಡಿದ್ ನೋಡಪ್ಪ. ಒಳಗಿಂದ ಬೆಳಕು ಕಾಣ್ತೈತಾ? ಜೇನುತುಪ್ಪದ ಬಣ್ಣ ಐತಾ? ಅದು ಹಣ್ಣು. ಹಾಲಿನಂಗೆ ಬೆಳ್ಳಗಿದ್ರೆ ಇನ್ನೂ ಕಾಯಿ, ಬಿಡು. ಹಿಸುಕ್ಬೇಡ! ಮೆತ್ತಗೆ ಹಿಡಿ!” ಮೊದಲ ಹುಳುವನ್ನು ಬೆರಳಲ್ಲಿ ಹಿಡಿದಾಗ ಅವನಿಗೆ ಮೈ ಝುಂ ಎಂದಿತ್ತು. ನೂರನೆಯದಕ್ಕೆ ಕೈ ಪಳಗಿತು. ಸಾವಿರನೆಯದಕ್ಕೆ ಅವನು ಹಿಗ್ಗಿಹೋಗಿದ್ದ! ‘ಈ ತಟ್ಟೆ ಮುಗೀತು, ಇನ್ನೊಂದು ತನ್ನಿ’ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗುತ್ತಿದ್ದವನು ಅವನೇ. ಹೆಂಗಸರು ಮೆಲ್ಲಗೆ ಮರಿಯಮ್ಮನವರ ಹಾಡೊಂದನ್ನು ಗುನುಗಿದರು. ಸಾಕಮ್ಮನಿಗೆ ಪದ ಬರುತ್ತಿರಲಿಲ್ಲ, ದನಿ ಸೇರಿಸಿದರು. ಚಂದ್ರಿಕೆಗಳು ತುಂಬಿತುಂಬಿ ಅಂಗಳದ ಚಪ್ಪರದ ಕೆಳಗೆ ಸಾಲಾಗಿ ನಿಂತವು.

ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಕೊನೆಯ ತಟ್ಟೆ ಬರಿದಾಯಿತು. ಕೊನೆಯ ಹುಳುವನ್ನು ಬಿಟ್ಟವರು ತೆಕ್ಲಮ್ಮನವರು. ಬಿಟ್ಟು, ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ನೆಟ್ಟಗಾಗಿ, “ಸ್ತೋತ್ರ ಸ್ವಾಮಿ,” ಎಂದರು. ಅಷ್ಟೇ. ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ಮುದುಕ ಚಿನ್ನಪ್ಪ ಸಣ್ಣ ಮಕ್ಕಳಂತೆ ಕುಣಿದೇಬಿಟ್ಟ!

ಸಾಕಮ್ಮ ಕೊಳದಪ್ಪಲೆಯ ತುಂಬ ಮಜ್ಜಿಗೆ ತಂದರು. ಎಲ್ಲರೂ ಚಪ್ಪರದ ಕೆಳಗೆ ಕೂತರು. ಚಂದ್ರಿಕೆಗಳಲ್ಲಿ ಹುಳುಗಳು ಆಗಲೇ ತಲೆಯಾಡಿಸುತ್ತ ನೂಲು ಹೆಣೆಯತೊಡಗಿದ್ದವು. ಮರಿಗೌಡರು ಅವನ್ನೊಮ್ಮೆ ನೋಡಿದರು, ಈ ಜನರನ್ನೊಮ್ಮೆ ನೋಡಿದರು. ಆಮೇಲೆ ತೆಕ್ಲಮ್ಮನವರ ಎದುರು ನೆಲದ ಮೇಲೇ ಕೂತರು.

“ಅಮ್ಮಯ್ಯ, ಸಭೇಲಿ ಒಂದ್ ಪ್ರಶ್ನೆ ಕೇಳ್ತೀನಿ ಅಂದಿದ್ದೆ. ಆವಾಗ ತಮಾಸೆಗೆ ಅಂದಿದ್ದೆ. ಈಗ ತಮಾಸೆಗಲ್ಲ. ನಿಮ್ ಸ್ವಾಮಿ ಎಲ್ಲಾರ್ಗೂ ಬಂದೋನು ಅಂತೀರಲ್ಲ, ನಮ್ಮನೆಗೆ…” ಎಂದವರು ನಿಲ್ಲಿಸಿ ಮೂಗು ಒರೆಸಿಕೊಂಡರು.

ತೆಕ್ಲಮ್ಮನವರು ತಾವು ಉತ್ತರಿಸಲಿಲ್ಲ. ಮಜ್ಜಿಗೆ ಲೋಟ ಕೆಳಗಿಟ್ಟು ಇನ್ನಾಸಪ್ಪನ ಕಡೆ ತಿರುಗಿದರು.

“ಹೇಳು ಮಗಾ. ನಿನ್ನನ್ನೇ ಅಲ್ವಾ ಅವ್ರು ಮೊದಲು ಕೇಳಿದ್ದು.”

ಇನ್ನಾಸಪ್ಪ ಎದ್ದು ನಿಂತ. ಅಭ್ಯಾಸಬಲದಿಂದ ಕೈ ಜೇಬು ಹುಡುಕಿತು. ಪಂಚೆಗೆ ಜೇಬಿರಲಿಲ್ಲ. ಬೇಲಿಯ ಮೇಲೆ ಬಿಳಿ ಜುಬ್ಬ ಗಾಳಿಗೆ ಹಾರಾಡುತ್ತಿತ್ತು, ಒಂಬತ್ತು ಪುಟವೂ ಅದರಲ್ಲೇ ಇತ್ತು. ಅವುಗಳಲ್ಲಿ ಬರೆದದ್ದು ಒಂದು ಸಾಲೂ ನೆನಪಿಗೆ ಬರಲಿಲ್ಲ.

“ಇವತ್ತು ಬಂದಿದ್ರು ಗೌಡ್ರೇ,” ಎಂದ. “ಬೆಳಿಗ್ಗೇನೇ ಬಂದಿದ್ರು. ನಾನು ಅಲ್ಲಿ ಕುರ್ಚಿಗೆ ಟವೆಲ್ ಹಾಸ್ಕೊಂಡು ಕಾಯ್ತಿದ್ದೆ. ಅವರು ಇಲ್ಲಿದ್ರು. ನಂಗೇ ಗೊತ್ತಾಗ್ಲಿಲ್ಲ.” ಅಷ್ಟು ಹೇಳಿ ಅಲ್ಲೇ ಕುಸಿದು ಕೂತು ಅತ್ತುಬಿಟ್ಟ.

ತೆಕ್ಲಮ್ಮನವರು ಕೈಚಾಚಿ ಅವನ ಒದ್ದೆ ತಲೆಯ ಮೇಲಿಟ್ಟರು. ಮರಿಗೌಡರು ಹತ್ತಿರ ಸರಿದು, “ಹಂಗಾದ್ರೆ ಆವಯ್ಯನ ವಿಚಾರ ಹೇಳಪ್ಪ,” ಎಂದರು. “ಮೈಕು ಬೇಡ. ಇಲ್ಲೇ ಕೂತ್ಕೊಂಡು ಹೇಳು.”

ಇನ್ನಾಸಪ್ಪ ಹೇಳಿದ. ಊಟಕ್ಕೆ ಕೂತಿದ್ದವರ ನಡುವಿನಿಂದ ಎದ್ದು, ಸೊಂಟಕ್ಕೆ ಟವೆಲು ಕಟ್ಟಿಕೊಂಡು, ತನ್ನ ಶಿಷ್ಯರ ಕಾಲು ತೊಳೆದ ಸ್ವಾಮಿಯ ಕಥೆ. ನೂರಾರು ಸಲ ಹೇಳಿದ್ದ ಕಥೆಯೇ, ಆದರೆ ಬೇರೆಯವರ ಪಂಚೆ ಉಟ್ಟು, ನೆಲದ ಮೇಲೆ ಕೂತು, ಮಜ್ಜಿಗೆ ಕುಡಿಯುತ್ತ ಅವನು ಎಂದೂ ಹೇಳಿರಲಿಲ್ಲ. ದೊಡ್ಡ ಮಾತೊಂದೂ ಬರಲಿಲ್ಲ. ನಡುನಡುವೆ ಸಾಕಮ್ಮ, “ಆಮೇಲೆ?” ಎಂದರು. ಆ ‘ಆಮೇಲೆ’ಗಾಗಿ ಇನ್ನಾಸಪ್ಪ ಮೂರು ವರ್ಷ ಕಾದಿದ್ದ!

ಮರಿಗೌಡರು ಆಮೇಲೆ ಕ್ರೈಸ್ತರಾದರೇ ಎಂದು ಕೇಳುವವರಿದ್ದಾರೆ. ತೆಕ್ಲಮ್ಮನವರನ್ನೂ ಒಬ್ಬರು ಹಾಗೆ ಕೇಳಿದ್ದುಂಟು. “ಅದು ಗೌಡ್ರಿಗೂ ಸ್ವಾಮಿಗೂ ಬಿಟ್ಟ ವಿಚಾರ,” ಎಂದು ಹೇಳಿ ಪೊರಕೆ ಎತ್ತಿಕೊಂಡರಂತೆ. ಊರು ಕಂಡದ್ದು ಇಷ್ಟು. ಆ ಬೆಳೆ ಸೊಗಸಾಗಿ ಬಂತು. ಆ ಹುಳುಮನೆಯ ಹೊಸ್ತಿಲಲ್ಲಿ ಮತ್ತೆಂದೂ ಯಾರೂ ಹೊರೆ ಇಳಿಸಿ ಹಿಂದಿರುಗಲಿಲ್ಲ. ಪ್ರತಿ ವರ್ಷ ಈಸ್ಟರ್ ದಿನ ಮರಿಗೌಡರು ರೇಷ್ಮೆಗೂಡಿನ ಹಾರವೊಂದನ್ನು ಕೈಯಾರೆ ಪೋಣಿಸಿ ಚರ್ಚಿಗೆ ತರುತ್ತಿದ್ದರು. ತೆಕ್ಲಮ್ಮನವರು ಪ್ರಭುವಿನ ಪಾದ ಸೇರಿದ ದಿನ ಅವರ ಕೊರಳಿಗೆ ಬಿದ್ದ ಮೊದಲ ಹಾರವೂ ಗೌಡರು ಪೋಣಿಸಿದ ಅಂಥದ್ದೇ.

ಇನ್ನು ಇನ್ನಾಸಪ್ಪನವರು. ಹೌದು, ಈಗ ಹಾಗೆಯೇ ಕರೆಯಬೇಕು. ಅವರು ಮರುದಿನವೇ ಧ್ವನಿವರ್ಧಕವನ್ನು ಮರದಿಂದ ಇಳಿಸಿದರು. ಜೀವಮಾನದಲ್ಲಿ ಮತ್ತೆ ಪೌಡರ್ ಮುಟ್ಟಲಿಲ್ಲ. ಗೌಡರ ಆ ಹಳೆಯ ಪಂಚೆಯನ್ನು ಹಿಂದಿರುಗಿಸಲು ಹೋದಾಗ ಗೌಡರು ಇಟ್ಟುಕೋ ಎಂದರು, ಇನ್ನಾಸಪ್ಪನವರು ಹರಿಯುವವರೆಗೂ ಅದನ್ನೇ ಉಟ್ಟರು. ತುಂಬು ಮುಪ್ಪಿನಲ್ಲಿ ಅವರು ಹೊಸ ಉಪದೇಶಿಗಳಿಗೆ ಪಾಠ ಹೇಳುವ ಗುರುವಾದರು. ತರಬೇತಿಯ ಮೊದಲ ದಿನ ಗರಿಗರಿ ಬಟ್ಟೆ ತೊಟ್ಟು, ಭಾಷಣ ಬರೆದುಕೊಂಡು ಬರುವ ಯುವಕರನ್ನು ಅವರು ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಒಬ್ಬೊಬ್ಬರ ಹತ್ತಿರವೂ ಹೋಗಿ ಕತ್ತಿನ ಬಳಿ ಮೂಸಿ ನೋಡಿ, ಕಣ್ಣು ಮಿಟುಕಿಸಿ ಹೇಳುತ್ತಿದ್ದರು:

“ಘಮಘಮ ಅಂತಿದ್ದೀಯ ಮಗಾ. ಹೋಗಿ ತೊಳ್ಕೊಂಡ್ ಬಾ. ನಾವು ಹೋಗ್ಬೇಕಾದ ಮನೆ ಒಂದಿದೆ.”